ಕಣ್ಣೀರಿನಲ್ಲಿ ಕಾಣುವ ಪ್ರೀತಿ

(ಓದತಕ್ಕ ಭಾಗ: ಯೋಹಾನನ ಸುವಾರ್ತೆ, 11ನೆಯ ಅಧ್ಯಾಯ, 32ರಿಂದ 36ನೆಯ ವಚನಗಳು)



ಮೇಲೆ ತೋರಿಸಿದ ಭಾಗವನ್ನು ನಿಮ್ಮ ನಿಮ್ಮ ಸತ್ಯವೇದದಲ್ಲಿ ತೆರೆದು ಓದಿಕೊಳ್ಳಿರಿ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಕೇಳಿಸಲಿ. ಬೇಥಾನ್ಯವೆಂಬ ಹಳ್ಳಿಯಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾಗಿದ್ದವು. ಕರ್ತನು ಅಲ್ಲಿಗೆ ಬಂದಾಗ ಮರಿಯಳು ಆತನ ಪಾದಗಳಿಗೆ ಬಿದ್ದು ಅತ್ತಳು. ಅವಳ ಸಂಗಡ ಬಂದವರೂ ಅತ್ತರು. ಅದನ್ನು ಕಂಡು ಕರ್ತನೂ ಅತ್ತನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಸಮಾಧಿಯೊಳಗಿಂದ ಹೊರಗೆ ಕರೆಯುವೆನೆಂದು ಬಲ್ಲವನೇ ಅತ್ತನೆಂಬದನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ನೆರೆದವರಲ್ಲಿ ಅನೇಕರು ಆ ಕಣ್ಣೀರನ್ನು ನಂಬಿಕೆಯ ಕೊರತೆಯೆಂದು ಎಣಿಸದೆ, ಸತ್ತವನ ಮೇಲೆ ಆತನಿಗಿದ್ದ ಪ್ರೀತಿಯನ್ನು ಅದರಲ್ಲಿ ಕಂಡುಕೊಂಡರು.

ಈ ಭಾಗವನ್ನು ನಾನು ಅನೇಕ ಸಾರಿ ಓದಿದ್ದೆನು. ಆದರೂ ಒಂದು ಸಾರಿ ಅದಕ್ಕೆ ವಿರೋಧವಾಗಿ ನಡೆದೆನು. ಹೇಗಂದರೆ, ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ನಾಲ್ಕು ವರುಷದ ಒಬ್ಬ ಹುಡುಗಿಯು ಜ್ವರದಿಂದ ಸತ್ತಳು. ಸಮಾಧಿ ಮಾಡಿ ಮನೆಗೆ ಹಿಂದಿರುಗಿದ ಮೇಲೆ ತಾಯಿಯು ಗೋಡೆಗೆ ತಲೆಯಾನಿಸಿ ಅಳುತ್ತಿದ್ದಳು. ನಾನು ಅವಳಿಗೆ, ಅಳುವದು ನಿರೀಕ್ಷೆಯಿಲ್ಲದವರ ಕೆಲಸ, ದೇವರ ಮಕ್ಕಳಿಗೆ ಅದು ತಕ್ಕದ್ದಲ್ಲವೆಂದು ಹೇಳಿದೆನು. ಅವಳು ಸೆರಗಿನಿಂದ ಮುಖ ಒರಸಿಕೊಂಡು ಸುಮ್ಮನಾದಳು. ಬೋಧಕನ ಮಾತು ಫಲಿಸಿತೆಂದು ನಾನು ನೆನಸಿದೆನು. ಆದರೆ ಆ ದಿನದಿಂದ ಏಳೆಂಟು ತಿಂಗಳು ಅವಳು ಆರಾಧನೆಗೆ ಬರಲಿಲ್ಲ. ಅಪೊಸ್ತಲನಾದ ಪೌಲನು ಥೆಸಲೊನೀಕದ ಸಭೆಗೆ ಬರೆಯುವಾಗ, ನಿರೀಕ್ಷೆಯಿಲ್ಲದವರು ದುಃಖಿಸುವ ಪ್ರಕಾರ ದುಃಖಿಸಬೇಡಿರೆಂದು ಬುದ್ಧಿ ಹೇಳಿದನೇ ಹೊರತು ದುಃಖವನ್ನೇ ನಿಷೇಧಿಸಲಿಲ್ಲ. ಈ ಭೇದವನ್ನು ನಾನು ಮರೆತಿದ್ದೆನು. ಆ ತಾಯಿಯ ಮಾತನ್ನು ಕಡೆಯಲ್ಲಿ ಹೇಳುವೆನು. ಅದಕ್ಕೆ ಮುಂಚೆ ದುಃಖ, ಪ್ರೀತಿ, ಸೌಂದರ್ಯ ಈ ಮೂರೂ ಒಂದೇ ಮನೆಯಲ್ಲಿ ವಾಸಿಸಬಲ್ಲವೆಂಬದಕ್ಕೆ ಹೊಲದಿಂದಲೂ ಆಕಾಶದಿಂದಲೂ ಕಲ್ಲಿನಿಂದಲೂ ಮೂರು ಸಾಕ್ಷಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದಾಗಿ, ಹೊಲದ ಬದುವಿನಲ್ಲಿರುವ ಮುತ್ತುಗದ ಮರವನ್ನು ನೋಡಿರಿ. ಅದರ ಎಲೆಗಳನ್ನು ಹಚ್ಚಿ ನಾವು ಪತ್ರಾವಳಿ ಮಾಡುತ್ತೇವೆ. ಚಳಿಗಾಲವು ಮುಗಿಯುತ್ತಾ ಬರುವಾಗ ಆ ಮರವು ಎಲೆಗಳನ್ನು ಉದುರಿಸಿ ಒಣಗಿದ ಕಟ್ಟಿಗೆಯ ಹಾಗೆ ನಿಲ್ಲುತ್ತದೆ. ದಾರಿಹೋಕನು ಅದನ್ನು ಸತ್ತ ಮರವೆಂದು ಎಣಿಸಬಹುದು. ಆದರೆ ಸಸ್ಯಶಾಸ್ತ್ರಜ್ಞರು ಸೂಕ್ಷ್ಮವಾಗಿ ಪರೀಕ್ಷಿಸಿ ತಿಳಿಸುವದೇನಂದರೆ, ಮರಗಳು ಎಲೆಯನ್ನು ಅಲಕ್ಷ್ಯದಿಂದ ಬಿಸಾಡುವದಿಲ್ಲ. ಎಲೆಯು ಹಣ್ಣಾಗುವಾಗ ಅದರಲ್ಲಿರುವ ಸಾರದಲ್ಲಿ ಬಹುಭಾಗವನ್ನು ಮರವು ಮೆಲ್ಲಗೆ ಕೊಂಬೆಗೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಪದರು ಹುಟ್ಟಿ, ಅಲ್ಲಿಂದ ಎಲೆಯು ಕಳಚುತ್ತದೆ. ನಮ್ಮ ಗಾಯದ ಮೇಲೆ ಹಕ್ಕಳೆ ಕಟ್ಟುವಂತೆ ಆ ಸ್ಥಳವು ಮುಚ್ಚಿಕೊಳ್ಳುತ್ತದೆ. ಗುರುತು ಮಾತ್ರ ಕೊಂಬೆಯ ಮೇಲೆ ಉಳಿಯುತ್ತದೆ. ಆ ಗುರುತಿನ ಮೇಲ್ಗಡೆಯಲ್ಲಿಯೇ, ಎಲೆಯ ಕಂಕುಳಲ್ಲಿದ್ದ ಮೊಗ್ಗು ಕಾದಿರುತ್ತದೆ. ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ, ಮಳೆಯ ಹನಿಯೂ ಇಲ್ಲದ ಬಿಸಿಲಿನಲ್ಲಿ, ಆ ಬರಿಯ ಕೊಂಬೆಗಳ ಮೇಲೆ ಬೆಂಕಿಯ ಬಣ್ಣದ ಹೂವುಗಳು ತುಂಬಿಕೊಳ್ಳುತ್ತವೆ. ಗೊರವಂಕಗಳೂ ಸೂರಕ್ಕಿಗಳೂ ಅವುಗಳ ಜೇನಿಗೆ ಮುತ್ತುತ್ತವೆ.

ಮಗುವು ಎಲೆಯಲ್ಲ, ತಾಯಿಯು ಮರವಲ್ಲ. ಹೂವು ಬಂತು, ಆದದರಿಂದ ಎಲೆಯನ್ನು ಮರೆತುಬಿಡು ಎಂದು ಯಾರಿಗೂ ಹೇಳಬೇಡಿರಿ. ಈ ಸಾಕ್ಷಿಯಿಂದ ನಾವು ಕಲಿಯತಕ್ಕದ್ದು ಇಷ್ಟೇ: ದೇವರು ನಿರ್ಮಿಸಿದ ಲೋಕದಲ್ಲಿ ಗಾಯದ ಗುರುತು ಅಳಿದುಹೋಗುವದಿಲ್ಲ, ಆದರೂ ಆ ಗುರುತಿನ ಮಗ್ಗುಲಲ್ಲಿಯೇ ಆತನು ಸೌಂದರ್ಯಕ್ಕೆ ಸ್ಥಳವನ್ನು ಇಟ್ಟಿದ್ದಾನೆ.

ಎರಡನೆಯದಾಗಿ, ಹೊಲದಿಂದ ಕಣ್ಣೆತ್ತಿ ಆಕಾಶವನ್ನು ನೋಡಿರಿ. ಜರ್ಮನಿ ದೇಶದಲ್ಲಿ 1571ರಲ್ಲಿ ಯೋಹಾನೆಸ್ ಕೆಪ್ಲರ್ ಎಂಬವನು ಹುಟ್ಟಿದನು. ಇವನು ಓದಿದ ತ್ಯೂಬಿಂಗೆನ್ ವಿದ್ಯಾಪೀಠದಲ್ಲಿಯೇ, ಇನ್ನೂರು ವರುಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ ಹೆರ್ಮನ್ ಮೋಗ್ಲಿಂಗ್ ಅಯ್ಯನವರೂ ಓದಿದರು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದವರು ಅವರೇ. ಕೆಪ್ಲರನು ಬೋಧಕನಾಗಬೇಕೆಂದು ಓದಿದವನಾದರೂ ಗಣಿತದ ಉಪಾಧ್ಯಾಯನಾಗಿ ಕಳುಹಿಸಲ್ಪಟ್ಟನು. ಆಕಾಶದ ಕ್ರಮವನ್ನು ತಿಳಿಸುವದರಿಂದಲೂ ದೇವರಿಗೆ ಮಹಿಮೆಯಾಗುವದೆಂದು ಕಂಡು ಆ ಕೆಲಸದಲ್ಲಿ ನಿಂತನು. ಎಳೆಯತನದಲ್ಲಿ ಸಿಡುಬು ಬಂದದರಿಂದ ಅವನ ದೃಷ್ಟಿಯು ಮಂದವಾಗಿತ್ತು; ನಕ್ಷತ್ರಗಳ ಲೆಕ್ಕವನ್ನು ಮಾಡುವವನಿಗೆ ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತಿದ್ದಿಲ್ಲ.

ಅವನ ಮನೆಯೊಳಗೆ ಮರಣವು ಅನೇಕ ಸಾರಿ ಬಂದಿತು. ಮೊದಲಿನ ಎರಡು ಕೂಸುಗಳು ಎಳೆಯತನದಲ್ಲಿಯೇ ಸತ್ತವು. 1611ರಲ್ಲಿ ಫ್ರೀಡ್ರಿಖ್ ಎಂಬ ಆರು ವರುಷದ ಮಗನು ಸಿಡುಬಿನಿಂದ ಸತ್ತನು. ಅದೇ ವರುಷ ಹೆಂಡತಿಯಾದ ಬಾರ್ಬರಳೂ ಸತ್ತಳು. ಅವನು ಲಿಂಟ್ಸ್ ಎಂಬ ಪಟ್ಟಣಕ್ಕೆ ಹೋಗಿ ಮರುಮದುವೆಯಾದನು. ಅಲ್ಲಿಯೂ 1617ರಲ್ಲಿ ಒಬ್ಬ ಮಗಳೂ, 1618ರ ಫೆಬ್ರವರಿಯಲ್ಲಿ ಕಟರೀನಾ ಎಂಬ ಆರು ತಿಂಗಳ ಕೂಸೂ ತೀರಿಹೋದರು. ಆಗ ಅವನ ಕೈಯಲ್ಲಿ ಗ್ರಹಗಳ ಸ್ಥಾನವನ್ನು ತೋರಿಸುವ ದೊಡ್ಡ ಕೋಷ್ಟಕಗಳ ಕೆಲಸವಿತ್ತು. ಅದಕ್ಕೆ ಸಮಾಧಾನವುಳ್ಳ ಮನಸ್ಸು ಬೇಕಾಗಿತ್ತು, ಅದು ಅವನಿಗೆ ಇರಲಿಲ್ಲ. ಅವನು ಆ ಕೋಷ್ಟಕಗಳನ್ನು ಬದಿಗಿಟ್ಟು, ದೇವರು ಆಕಾಶದಲ್ಲಿ ಇಟ್ಟಿರುವ ಮೇಳವನ್ನು ವಿಚಾರಿಸತೊಡಗಿದನು. ಮಾರ್ಚಿ 8ರಂದು ಒಂದು ನಿಯಮವು ಅವನ ಮನಸ್ಸಿಗೆ ಹೊಳೆಯಿತು. ಲೆಕ್ಕದಲ್ಲಿ ತಪ್ಪಿದ್ದರಿಂದ ಅದನ್ನು ಸುಳ್ಳೆಂದು ಬಿಟ್ಟನು. ಮೇ 15ರಂದು ಅದು ತಿರಿಗಿ ಬಂದು ಸತ್ಯವೆಂದು ಸ್ಥಿರವಾಯಿತು. ಕೂಸನ್ನು ಮಣ್ಣಿಗೆ ಕೊಟ್ಟು ಆಗ ಮೂರು ತಿಂಗಳುಗಳಾಗಿದ್ದವು.

ಆ ನಿಯಮವು ಏನೆಂದರೆ: ಭೂಮಿಯು ಸೂರ್ಯನನ್ನು ಒಂದು ವರುಷದಲ್ಲಿ ಸುತ್ತುತ್ತದಷ್ಟೆ. ಒಂದು ಗ್ರಹವು ಸೂರ್ಯನಿಗೆ ಭೂಮಿಗಿಂತ ನಾಲ್ಕು ಪಾಲು ದೂರದಲ್ಲಿದ್ದರೆ ಅದಕ್ಕೆ ಎಷ್ಟು ವರುಷ ಬೇಕು? ನಾಲ್ಕನ್ನು ಮೂರು ಸಾರಿ ಇಟ್ಟು ಗುಣಿಸಿದರೆ 64. ಎಂಟನ್ನು ಎರಡು ಸಾರಿ ಇಟ್ಟು ಗುಣಿಸಿದರೂ 64. ಆದದರಿಂದ ಅದಕ್ಕೆ ಎಂಟು ವರುಷ ಬೇಕು. ಸೂರ್ಯನನ್ನು ಸುತ್ತುವ ಗ್ರಹಗಳೆಲ್ಲವೂ, ಹತ್ತಿರದವೂ ದೂರದವೂ, ಈ ಒಂದೇ ಅಳತೆಗೆ ಒಳಪಟ್ಟು ನಡೆಯುತ್ತವೆ. ಇದನ್ನು ಅವನು 1619ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಂದಿಗೂ ಉಪಗ್ರಹಗಳ ದಾರಿಯನ್ನು ಎಣಿಸುವವರು ಈ ನಿಯಮವನ್ನು ಆಧಾರಮಾಡಿಕೊಳ್ಳುತ್ತಾರೆ.

ಪ್ರಿಯರೇ, ಕೂಸನ್ನು ತೆಗೆದುಕೊಂಡು ಅದಕ್ಕೆ ಬದಲಾಗಿ ದೇವರು ಈ ಜ್ಞಾನವನ್ನು ಕೊಟ್ಟನೆಂದು ಹೇಳುವವನು ದೇವರನ್ನು ಸಂತೆಯ ವ್ಯಾಪಾರಿಯನ್ನಾಗಿ ಮಾಡುತ್ತಾನೆ. ಕಟರೀನಳು ಯಾವ ನಿಯಮಕ್ಕೂ ಕ್ರಯವಾಗಿ ಸಾಯಲಿಲ್ಲ. ಆದರೆ ಮನೆಯೊಳಗೆ ಎಲ್ಲವೂ ಚೆದರಿಹೋದಂತೆ ಕಂಡಾಗ ಆ ತಂದೆಯು ಕಣ್ಣೆತ್ತಿ ನೋಡಿದನು. ಚೆದರದ ಒಂದು ಕ್ರಮವು ಮೇಲೆ ನಿಂತಿತ್ತು. ಆ ಕ್ರಮವು ಅವನ ದುಃಖವನ್ನು ತೆಗೆಯಲಿಲ್ಲ. ದುಃಖವು ಊರಿ ನಿಲ್ಲುವದಕ್ಕೆ ನೆಲವನ್ನು ಕೊಟ್ಟಿತು. 1630ರಲ್ಲಿ ಅವನು ಸತ್ತನು. ಯುದ್ಧದಲ್ಲಿ ಅವನ ಸಮಾಧಿಯೂ ಹಾಳಾಯಿತು. ಅವನು ನೋಡಿದ ಕ್ರಮವು ಇಂದಿಗೂ ನಡೆಯುತ್ತಿದೆ.

ಮೂರನೆಯದಾಗಿ, ಅದೇ ಜರ್ಮನಿ ದೇಶದ ಒಬ್ಬ ತಾಯಿಯು ಕಲ್ಲಿನಲ್ಲಿ ಬಿಟ್ಟುಹೋದ ಸಾಕ್ಷಿಯನ್ನು ಕೇಳಿರಿ. 1867ರಲ್ಲಿ ಹುಟ್ಟಿದ ಕೇಟೆ ಕೋಲ್ವಿಟ್ಸ್ ಎಂಬವಳು ಚಿತ್ರಗಳನ್ನೂ ಶಿಲ್ಪಗಳನ್ನೂ ಮಾಡುವವಳು. ಅವಳ ಗಂಡನು ಬರ್ಲಿನಿನಲ್ಲಿ ಕೂಲಿಯವರ ಕೇರಿಯ ವೈದ್ಯನು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಅವರ ಹದಿನೆಂಟು ವರುಷದ ಮಗನಾದ ಪೇಟರನು ದಂಡಿಗೆ ಸೇರಬೇಕೆಂದು ಹಟ ಹಿಡಿದನು. ಪ್ರಾಯ ತುಂಬದ್ದರಿಂದ ತಂದೆಯ ಒಪ್ಪಿಗೆ ಬೇಕಾಗಿತ್ತು, ತಂದೆಯು ಒಲ್ಲೆನೆಂದನು. ಆಗ ಮಗನ ಪರವಾಗಿ ಗಂಡನನ್ನು ಬೇಡಿಕೊಂಡವಳು ತಾಯಿಯೇ. ಅದೇ ಅಕ್ಟೋಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದಲ್ಲಿ ಪೇಟರನು ಹತನಾದನು.

ಇಂಥ ಭಾರವನ್ನು ಹೊತ್ತವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ನಾನು ಅವನನ್ನು ಕಳುಹಿಸದಿದ್ದರೆ, ನಾನು ಬೇಗನೆ ಆಸ್ಪತ್ರೆಗೆ ಒಯ್ದಿದ್ದರೆ ಎಂದು ರಾತ್ರಿಯೆಲ್ಲಾ ತಮ್ಮನ್ನು ತಾವೇ ನ್ಯಾಯವಿಚಾರಣೆಗೆ ನಿಲ್ಲಿಸಿಕೊಳ್ಳುವವರು ನನ್ನ ಬಳಿಗೆ ಬಂದಿದ್ದಾರೆ. ಆ ತಾಯಿಯು ಮಗನ ಗುರುತಿಗಾಗಿ ಒಂದು ಶಿಲ್ಪವನ್ನು ಮಾಡಬೇಕೆಂದು ಕೆಲಸ ಹಿಡಿದಳು. ಮೊದಲು ಮಗನ ದೇಹವನ್ನೂ ಅದರಲ್ಲಿ ತೋರಿಸಬೇಕೆಂದಿದ್ದಳು. ಅದು ಕೈಗೂಡದೆ 1919ರಲ್ಲಿ ಕೆಲಸವನ್ನು ನಿಲ್ಲಿಸಿದಳು. ವರುಷಗಳಾದ ಮೇಲೆ ತಿರಿಗಿ ಕೈಹಾಕಿ, 1932ರಲ್ಲಿ ಮಗನನ್ನು ಹೂಣಿಟ್ಟ ಸ್ಥಳದಲ್ಲಿ ಅದನ್ನು ನಿಲ್ಲಿಸಿದಳು. ಮಗನು ಬದುಕಿದ್ದು ಎಷ್ಟು ವರುಷವೋ ಈ ಕೆಲಸಕ್ಕೂ ಸುಮಾರು ಅಷ್ಟೇ ವರುಷ ಹಿಡಿಯಿತು. ಅದರಲ್ಲಿ ಮಗನಿಲ್ಲ. ತಂದೆಯೂ ತಾಯಿಯೂ ಬೇರೆ ಬೇರೆ ಕಲ್ಲುಗಳಲ್ಲಿ ಮೊಣಕಾಲೂರಿದ್ದಾರೆ. ತಂದೆಯು ನೆಟ್ಟಗೆ ಕೂತು ಎರಡು ತೋಳುಗಳಿಂದ ತನ್ನನ್ನೇ ಬಿಗಿದುಕೊಂಡಿದ್ದಾನೆ. ತಾಯಿಯು ತಲೆ ಬಾಗಿಸಿ ನೆಲದ ಕಡೆಗೆ ಬಗ್ಗಿದ್ದಾಳೆ. ಇಬ್ಬರ ನಡುವೆ ಬರಿಯ ಸ್ಥಳವಿದೆ. ಆ ತರುವಾಯ ಸಮಾಧಿಗಳನ್ನು ಬೆಲ್ಜಿಯಂ ದೇಶದ ವ್ಲಾಡ್ಸ್ಲೋ ಎಂಬ ಊರಿಗೆ ಒಯ್ದರು. ಈ ಕಲ್ಲುಗಳು ಈಗ ಅಲ್ಲಿಯೇ ಇವೆ. ಮಕ್ಕಳನ್ನು ಕಳಕೊಂಡವರು ಅವುಗಳ ಮುಂದೆ ನಿಂತು ತಮ್ಮ ದುಃಖವನ್ನೇ ಕಾಣುತ್ತಾರೆ.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಪೇಟರನೆಂಬ ಅದೇ ಹೆಸರಿನ ಅವಳ ಮೊಮ್ಮಗನೂ ಹತನಾದನು. ಆ ಯುದ್ಧದ ಕಾಲದಲ್ಲಿ ಅವಳು ಬರೆದ ಒಂದು ಚಿತ್ರದಲ್ಲಿ, ವಯಸ್ಸಾದ ಒಬ್ಬ ತಾಯಿಯು ಕೋಳಿಯು ಮರಿಗಳನ್ನು ಮುಚ್ಚುವಂತೆ ಹುಡುಗರನ್ನು ತನ್ನ ತೋಳುಗಳ ಕೆಳಗೆ ಮುಚ್ಚಿಕೊಂಡಿದ್ದಾಳೆ. ಬಿತ್ತನೆಯ ಬೀಜವನ್ನು ಬೀಸಬಾರದು ಎಂಬದೇ ಅದರ ಹೆಸರಿನ ಅರ್ಥ. ಒಕ್ಕಲುತನ ಮಾಡುವ ನಿಮಗೆ ಇದನ್ನು ವಿವರಿಸುವ ಅವಶ್ಯವಿಲ್ಲ. ಬರಗಾಲದಲ್ಲಿ ಹೊಟ್ಟೆ ಹಸಿದರೂ ಬೀಜದ ಜೋಳವನ್ನು ಬೀಸುವ ಕಲ್ಲಿಗೆ ಹಾಕುವದಿಲ್ಲ. ಒಬ್ಬ ಮಗನ ಮೇಲಿದ್ದ ಪ್ರೀತಿಯು ಹೋಗಲು ಸ್ಥಳವಿಲ್ಲದೆ ಎದೆಯೊಳಗೇ ಸುತ್ತುತ್ತಿದ್ದು, ಕಡೆಗೆ ಎಲ್ಲರ ಮಕ್ಕಳನ್ನು ಮುಚ್ಚುವ ತೋಳುಗಳಾಯಿತು. ದುಃಖವು ಪ್ರೀತಿಯಾಗಿ ಹೊರಗೆ ಹರಿಯುವದೆಂದರೆ ಇದೇ.

ಈಗ ನಮ್ಮ ಹಳ್ಳಿಯ ತಾಯಿಯ ಬಳಿಗೆ ಬರುತ್ತೇನೆ. ಮುಂದಿನ ವರುಷ ನಾನು ಅವಳ ಮನೆಗೆ ಹೋದಾಗ ಅವಳು ಜಗಲಿಯ ಮೇಲೆ ಕೂತು ಒಂದು ಕೌದಿಯನ್ನು ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ತುಂಡುಗಳ ನಡುವೆ ಸತ್ತ ಹುಡುಗಿಯ ಕೆಂಪು ಪರಕಾರದ ತುಂಡುಗಳು ಸಾಲಾಗಿ ಹಚ್ಚಲ್ಪಟ್ಟಿದ್ದವು. ಅವುಗಳ ಸುತ್ತಲೂ ಹೊಲಿಗೆಯು ಬಹು ಸಣ್ಣದಾಗಿಯೂ ಒತ್ತಾಗಿಯೂ ಇತ್ತು. ಅದು ಎಷ್ಟು ಅಂದವಾಗಿತ್ತೆಂದರೆ ನಾನು ಮಾತಿಲ್ಲದೆ ನಿಂತೆನು. ಅವಳು ತಲೆಯೆತ್ತದೆ, “ಅಯ್ಯನವರೇ, ಕಣ್ಣಿಗೆ ಬೇಡವೆಂದಿರಿ, ಕೈಗೆ ಬೇಡವೆನ್ನಲಿಲ್ಲವಲ್ಲಾ” ಅಂದಳು.

“ತಾಯೀ, ಆ ದಿನ ನಾನು ತಪ್ಪಿದೆನು, ನನ್ನನ್ನು ಕ್ಷಮಿಸಬೇಕು” ಎಂದೆನು. ಅವಳು ಚಾಪೆ ಹಾಸಿ, ಕೂತುಕೊಳ್ಳಿರೆಂದು ಹೇಳಿ, ಆ ಮಗಳ ಮಾತುಗಳನ್ನೂ ಆಟಗಳನ್ನೂ ಒಂದು ಗಳಿಗೆ ಹೊತ್ತು ನನಗೆ ಹೇಳಿದಳು. ಹೇಳುತ್ತಾ ಅತ್ತಳು, ನಡುವೆ ಒಂದೆರಡು ಸಾರಿ ನಕ್ಕಳು. ನಾನು ಕೇಳಿದೆನು, ಬೋಧಿಸಲಿಲ್ಲ. ಎದ್ದು ಹೊರಡುವಾಗ, ಕೌದಿ ಯಾರಿಗೆಂದು ವಿಚಾರಿಸಿದೆನು. ನೆರೆಮನೆಯ ಬಾಣಂತಿಯ ಕೂಸಿಗೆ, ಚಳಿ ಹೆಚ್ಚಾಗಿದೆಯಲ್ಲಾ ಎಂದಳು. ಅದರ ಮುಂದಿನ ಭಾನುವಾರ ಅವಳು ಆರಾಧನೆಗೆ ಬಂದಳು.

ಆದದರಿಂದ, ಪ್ರಿಯರೇ, ದುಃಖದ ಮನೆಗೆ ಹೋಗುವಾಗ ಬಾಯಿಗಿಂತ ಕಿವಿಯನ್ನು ಮುಂದಾಗಿ ಒಯ್ಯಿರಿ. ಅಳುವವರನ್ನು ಗದರಿಸಬೇಡಿರಿ, ಕರ್ತನೇ ಅತ್ತಿದ್ದಾನೆ. ನೀವೇ ದುಃಖದಲ್ಲಿದ್ದರೆ, ನಿಮ್ಮ ಕೈಗೆ ತಿಳಿದ ಕೆಲಸವನ್ನು, ಅದು ಹೊಲಿಗೆಯಾಗಲಿ ನೇಯಿಗೆಯಾಗಲಿ ಮರಗೆಲಸವಾಗಲಿ, ಸತ್ತವರ ಮೇಲಣ ಪ್ರೀತಿಯಿಂದ ಮಾಡಿರಿ. ಅದು ಜೀವದಿಂದಿರುವ ಒಬ್ಬರಿಗೆ ಉಪಯೋಗವಾಗಲಿ. ರಾತ್ರಿ ನಿದ್ರೆ ಬಾರದಿದ್ದರೆ ಅಂಗಳಕ್ಕೆ ಬಂದು ಆಕಾಶವನ್ನು ನೋಡಿರಿ. ಹಗಲಲ್ಲಿ ಬದುವಿನ ಮರವನ್ನು ನೋಡಿರಿ. ಇವು ನಿಮ್ಮ ಮಗುವನ್ನು ತಿರಿಗಿ ಕೊಡಲಾರವು; ಅದನ್ನು ಕೊಡಬಲ್ಲವನು ಒಬ್ಬನೇ. ಆತನು ಲಾಜರನನ್ನು ಹೆಸರು ಹಿಡಿದು ಕರೆದನು. ನಮ್ಮವರ ಹೆಸರುಗಳನ್ನೂ ಬಲ್ಲನು. ಆ ದಿನವು ಬರುವ ತನಕ ಆತನು ನಮ್ಮ ಕಣ್ಣೀರನ್ನು ಅವಮಾನಕ್ಕೆ ಗುರಿಮಾಡದೆ, ಅದರಲ್ಲಿರುವ ಪ್ರೀತಿಯನ್ನು ಕಾದುಕೊಳ್ಳಲಿ. ಆಮೆನ್.