ಇಂದಿನ ಧಮ್ಮ ಚಿಂತನೆ: ಈಗ ಯಾರನ್ನು ಕೇಳಲಿ?





ಈ ಡಿಸೆಂಬರ್ 6ರಂದು ಮಹಾಪರಿನಿಬ್ಬಾಣ ದಿನದ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯ ಉಪಾಸಿಕೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಮೊಮ್ಮಗಳು ಅಲ್ಲಿ ಹನ್ನೆರಡನೇ ತರಗತಿ. ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದಕ್ಕೆ ನವೆಂಬರ್ 1ರೊಳಗೇ ಅರ್ಜಿ ಕಳಿಸಿದ್ದಾಳೆ. ಉತ್ತರ ಬರುವುದು ಡಿಸೆಂಬರ್ ಮಧ್ಯದಲ್ಲಿ. ಹುಡುಗಿಗೆ ಊಟ ಸೇರುತ್ತಿಲ್ಲ, ರಾತ್ರಿಯೆಲ್ಲ ಫೋನ್ ಹಿಡಿದು ಕೂತಿರುತ್ತಾಳಂತೆ.

"ಸಾರ್, ಮೊದಲಾಗಿದ್ರೆ ಮಾರಮ್ಮನಿಗೆ ಹರಕೆ ಕಟ್ಕೋತಿದ್ದೆ. ದೀಕ್ಷೆ ತಗೊಂಡ ಮೇಲೆ ಅದನ್ನೆಲ್ಲ ಬಿಟ್ಟೆ. ಈಗ ಯಾರನ್ನ ಕೇಳ್ಲಿ? ಮಗು ಹೆಸರಲ್ಲಿ ಒಂದು ವಿಶೇಷ ವಂದನೆ ಇಡಿಸೋಣ್ವಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಒಬ್ಬರು, "ಆಸೆಯೇ ದುಃಖಕ್ಕೆ ಮೂಲ ಅಲ್ವೇನಮ್ಮ, ಆಸೆ ಬಿಡಿ" ಎಂದುಬಿಟ್ಟರು. ಆಕೆಯ ಮುಖ ಸಪ್ಪಗಾಯಿತು. ಹೇಳಿದವರ ಇಬ್ಬರು ಮಕ್ಕಳೂ ಓದಿ ಒಳ್ಳೆಯ ಕೆಲಸದಲ್ಲಿದ್ದಾರೆ. (ಅವರೂ ಈ ಗುಂಪಿನಲ್ಲೇ ಇದ್ದಾರೆ, ಬೇಸರ ಮಾಡಿಕೊಳ್ಳಬಾರದು.) ಸೀಟು ಸಿಕ್ಕವರು ಕಾಯುತ್ತಿರುವವರಿಗೆ ಆಸೆ ಬಿಡಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಪಾಲಿಯಲ್ಲಿ ತಣ್ಹಾ ಬೇರೆ, ಛಂದ ಬೇರೆ. ಹಿಡಿದು ಸುಡುವ ದಾಹ ತಣ್ಹಾ. ಒಳ್ಳೆಯದನ್ನು ಮಾಡಬೇಕು, ಕಲಿಯಬೇಕು ಎನ್ನುವ ಇಚ್ಛೆ ಕುಶಲ ಛಂದ. ಅಕ್ಷರದಿಂದ ತಲೆಮಾರುಗಟ್ಟಲೆ ದೂರ ಇಡಲ್ಪಟ್ಟ ಜನ ಓದಬೇಕೆಂದು ಬಯಸುವುದನ್ನು ತಣ್ಹಾ ಎನ್ನುವುದಾದರೆ ಬಾಬಾಸಾಹೇಬರು ಶಿಕ್ಷಣಕ್ಕೆ ಮೊದಲ ಸ್ಥಾನ ಕೊಟ್ಟಿದ್ದು ಏಕೆ?

ಹಾಗಾದರೆ ಕಾಯುವುದು ಹೇಗೆ? ಸಂಯುತ್ತ ನಿಕಾಯದಲ್ಲಿ ಭಗವಾನರು ಕಾವಿಗೆ ಕೂತ ಕೋಳಿಯ ಉದಾಹರಣೆ ಕೊಡುತ್ತಾರೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆ. ಕೋಳಿ ಸರಿಯಾಗಿ ಕಾವು ಕೊಡದೆ ಮರಿ ಬರಲಿ ಎಂದು ಎಷ್ಟು ಬಯಸಿದರೂ ಬರುವುದಿಲ್ಲ. ಸರಿಯಾಗಿ ಕಾವು ಕೊಟ್ಟರೆ, ಬಯಸದಿದ್ದರೂ ಮರಿ ಚಿಪ್ಪು ಒಡೆದು ಬರುತ್ತದೆ. ಹರಕೆಗೂ ಧಮ್ಮಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರದು. ಆ ಹುಡುಗಿ ನಾಲ್ಕು ವರ್ಷ ಕಾವು ಕೊಟ್ಟಿದ್ದಾಳೆ. ಅರ್ಜಿ ಹೋಗಿಯಾಗಿದೆ. ಇನ್ನು ನಾವು ಇಲ್ಲಿ ಹಚ್ಚುವ ಮೇಣದಬತ್ತಿ ಅಲ್ಲಿ ಅರ್ಜಿ ಓದುವವರ ಮೇಜಿಗೆ ಬೆಳಕಾಗುವುದಿಲ್ಲ.

ಆದರೆ ಈ ಕೋಳಿಯ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಭಗವಾನರು ಅದನ್ನು ಹೇಳಿದ್ದು ಚಿತ್ತದ ಬಿಡುಗಡೆಯ ಬಗ್ಗೆ. ಅಲ್ಲಿ ಸೀಟುಗಳ ಲೆಕ್ಕವಿಲ್ಲ. ವಿಶ್ವವಿದ್ಯಾಲಯದ ಬಾಗಿಲು ಹಾಗಲ್ಲ. ಅಲ್ಲಿ ಕಾವು ಸರಿಯಾಗಿ ಕೊಟ್ಟರೂ ಚಿಪ್ಪು ಒಡೆಯದೇ ಹೋಗಬಹುದು.

ಈ ಮುಂಚಿನ ಪ್ರವೇಶದ ಪದ್ಧತಿಯನ್ನೇ ನೋಡಿ. ಕೆಲವು ಕಡೆ ಇದು ಕಟ್ಟುಪಾಡಿನದು: ಒಂದೇ ಕಡೆ ಹೀಗೆ ಅರ್ಜಿ ಹಾಕಬೇಕು, ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂದು ಮೊದಲೇ ಮಾತು ಕೊಡಬೇಕು. ಧನಸಹಾಯ ತೀರ ಸಾಲದಿದ್ದರೆ ಬಿಡುಗಡೆ ಕೇಳಬಹುದು, ನಿಜ. ಆದರೆ ನಾಲ್ಕು ಕಡೆ ಯಾರು ಎಷ್ಟು ಕೊಡುತ್ತಾರೆ ಎಂದು ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ದುಡ್ಡಿನ ಚಿಂತೆ ಇಲ್ಲದವರಿಗೆ ಇದು ಸುಲಭ. 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್, ಇದು ಈಗಾಗಲೇ ಅನುಕೂಲ ಇರುವವರಿಗೇ ಅನುಕೂಲ ಮಾಡುತ್ತದೆ ಎಂದು ಹೇಳಿ ತಮ್ಮಲ್ಲಿನ ಮುಂಚಿನ ಪ್ರವೇಶವನ್ನೇ ನಿಲ್ಲಿಸುವುದಾಗಿ ಘೋಷಿಸಿದವು. ಉಳಿದ ಹೆಚ್ಚಿನವು ಹಿಂಬಾಲಿಸಲಿಲ್ಲ. 2011ರಲ್ಲಿ ಇವೂ ಮತ್ತೆ ತಂದವು. ಅಂದರೆ ಬಾಗಿಲಲ್ಲಿ ಕೂತವರಿಗೇ ಗೊತ್ತು, ಈ ಬಾಗಿಲು ಎಲ್ಲರಿಗೂ ಒಂದೇ ಅಳತೆಯಲ್ಲಿ ತೆರೆಯುವುದಿಲ್ಲ ಎಂದು.

ಹೀಗಿರುವಾಗ "ಇಲ್ಲ" ಎಂದು ಬಂದರೆ ನಾವು ಮಗುವಿಗೆ ಏನು ಹೇಳುತ್ತೇವೆ? ನನ್ನ ಭಯ ಇರುವುದು ಇಲ್ಲಿ. "ನಿನ್ನ ಹಣೆಯಲ್ಲಿ ಬರೆದಿಲ್ಲ" ಎನ್ನುವುದನ್ನು ನಾವು ಬಿಟ್ಟಿದ್ದೇವೆ. ಆದರೆ "ನಿನ್ನ ಯೋಗ್ಯತೆ ಇಷ್ಟೇ" ಎನ್ನುವುದು ಅದೇ ಮಾತು, ಬಟ್ಟೆ ಮಾತ್ರ ಬೇರೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದಿಂದ ಇಂದಿನ ಬಡತನ ಎಂಬ ವಾದವನ್ನು ತಳ್ಳಿಹಾಕುತ್ತಾರೆ. ಬಡವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ತಪ್ಪಿಸಿಕೊಳ್ಳಲು ಮಾತ್ರ ಆ ವಾದ ಅನುಕೂಲ ಎನ್ನುತ್ತಾರೆ. ಹದಿನೇಳು ವರ್ಷದ ಹುಡುಗಿಯ ತಲೆಯ ಮೇಲೆ ಇಡೀ ಬಾಗಿಲಿನ ಹೊಣೆ ಹೊರಿಸುವುದೂ ಅದೇ ಜಾತಿಯ ವಾದ.

ಬಾಬಾಸಾಹೇಬರೇ ಕಾದವರು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್‌ಗೆ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೆ ನಿಂತಿತು. ನಾಲ್ಕು ವರ್ಷದೊಳಗೆ ಮರಳಿ ಬರಬಹುದು ಎಂಬ ಅನುಮತಿಯೊಂದನ್ನು ಇಟ್ಟುಕೊಂಡು ಹಿಂದಿರುಗಿದರು. ಬರೋಡಾದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್‌ಗೆ ಹೊರಟರು. 1923ರಲ್ಲಿ ಡಿ.ಎಸ್‌ಸಿ. ಪದವಿ. ನಾವು ಸಾಮಾನ್ಯವಾಗಿ ಪದವಿಗಳ ಪಟ್ಟಿ ಹೇಳುತ್ತೇವೆ, ನಡುವಿನ ಈ ಮೂರು ವರ್ಷಗಳನ್ನು ಹೇಳುವುದಿಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಮ್ಮ ಜನರ ಪರ ಸಾಕ್ಷ್ಯ ಹೇಳಿದ್ದು, 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಹೊರಬಂದದ್ದು, ಎರಡೂ ಆ ಕಾಯುವ ದಿನಗಳಲ್ಲೇ.

ಆ ತಾಯಿಗೆ ನಾನು ಇದಿಷ್ಟನ್ನೂ ಹೇಳಲಿಲ್ಲ. ಒಂದನ್ನು ಮಾತ್ರ ಕೇಳಿದೆ: "ಅಮ್ಮ, ನಮ್ಮ ಮಗುಗೇ ಸೀಟು ಕೊಡು ಅಂತ ಕೇಳಿದ್ರೆ, ಇನ್ನೊಂದು ಮಗುಗೆ ಬೇಡ ಅಂತ ಕೇಳಿದ ಹಾಗಾಗಲ್ವಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದು, ಅವಳ ಗೆಳತೀನೂ ಅದಕ್ಕೇ ಹಾಕಿದಾಳೆ" ಎಂದರು. ಆ ಭಾನುವಾರ ವಿಶೇಷ ವಂದನೆ ಇಡಲಿಲ್ಲ. ಎಂದಿನ ಮೈತ್ರಿ ಭಾವನೆಯಲ್ಲಿ ಕಾಯುತ್ತಿರುವ ಎಲ್ಲ ಮಕ್ಕಳನ್ನೂ ನೆನೆದೆವು.

ಉತ್ತರ ಬಂದಾಗ ಅಲ್ಲಿ ಸಂಜೆ ಏಳು, ನಮ್ಮಲ್ಲಿ ಬೆಳಗಿನ ಐದೂವರೆ. ಆರಕ್ಕೇ ನನಗೆ ಫೋನ್. "ಹೂಂ ಅಂತಾನೂ ಇಲ್ಲ, ಉಹೂಂ ಅಂತಾನೂ ಇಲ್ಲ ಸಾರ್." ಡಿಫರ್ ಮಾಡಿದ್ದಾರೆ. ಅಂದರೆ ಉಳಿದವರ ಅರ್ಜಿಗಳ ಜೊತೆ ಇದನ್ನೂ ಇನ್ನೊಮ್ಮೆ ನೋಡುತ್ತಾರೆ. ಮಾರ್ಚ್ ಕೊನೆಯವರೆಗೆ ಮತ್ತೆ ಕಾಯಬೇಕು. ಮರುದಿನ ಇನ್ನೊಂದು ಕರೆ ಬಂತು. ಗೆಳತಿಗೆ ಸಿಕ್ಕಿದೆಯಂತೆ.

"ಅವರ ಮನೇಲಿ ಕೇಕ್ ಕಟ್ ಮಾಡಿದ್ರಂತೆ. ಇವಳೂ ಹೋಗಿದ್ಲು ಸಾರ್. ಅತ್ಕೊಂಡೇ ಹೋದ್ಲಂತೆ, ಆದ್ರೂ ಹೋದ್ಲು."

(ಭಾನುವಾರದ ವಂದನೆ ಎಂದಿನಂತೆ ಬೆಳಿಗ್ಗೆ 10ಕ್ಕೆ. ಮಕ್ಕಳನ್ನೂ ಕರೆತನ್ನಿ. ಜೈ ಭೀಮ್.)