ಬೆಲೆ ಬಿದ್ದ ವರ್ಷದ ಬಾಕಿ

ತಿಪಟೂರು ಕೊಬ್ಬರಿಯಿಂದ ಬದುಕಿದ ಊರು. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುತ್ತದೆ, ಎಪಿಎಂಸಿಯ ಹರಾಜಿಗೆ ಹೋಗುತ್ತದೆ, ಅಲ್ಲಿಂದ ಉತ್ತರ ಭಾರತದ ಹಬ್ಬ, ಮದುವೆಗಳಿಗೆ ಲಾರಿ ಏರುತ್ತದೆ. ಅದರಿಂದ ಬಂದ ದುಡ್ಡು ಮಾತ್ರ ಲಾರಿ ಏರುತ್ತಿರಲಿಲ್ಲ. ಜವಳಿ ಅಂಗಡಿ, ದಿನಸಿ ಅಂಗಡಿ, ಪಾತ್ರೆ ಅಂಗಡಿ, ಟೈಲರು, ಹೋಟೆಲು ಅಂತ ಊರೊಳಗೇ ನಾಲ್ಕಾರು ಕೈ ಬದಲಾಯಿಸುತ್ತಿತ್ತು. ಕೊಬ್ಬರಿಗೆ ರೇಟು ಬಂದಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಿರಲಿಲ್ಲ, ಪೇಟೆ ಬೀದಿಯ ಗದ್ದಲವೇ ಹೇಳುತ್ತಿತ್ತು.

2023ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 8 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿಯಿತು. ಸರ್ಕಾರದ ಬೆಂಬಲ ಬೆಲೆ ಆಗ 11,750. ರೈತರು ಬೀದಿಗಿಳಿದರು, ನಾಫೆಡ್ ಖರೀದಿಗಾಗಿ ಕಾದರು. 2025ರ ಹೊತ್ತಿಗೆ ಅದೇ ಕೊಬ್ಬರಿ 20 ಸಾವಿರ ದಾಟಿ ಮುಂದೆ ಹೋಯಿತು. ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮನಸ್ಸು ಒಂದೇ ಕಡೆ ಹೋಗಿ ನಿಲ್ಲುತ್ತದೆ. ಬೆಲೆ ಬಿದ್ದ ವರ್ಷ ಮನೆಗಳ ಒಲೆ ಆರದಂತೆ ನೋಡಿಕೊಂಡವರು ಯಾರು? ಬೆಲೆ ಬಂದ ವರ್ಷ ದುಡ್ಡು ಹೋದದ್ದು ಯಾರ ಕಡೆಗೆ?

ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇರುತ್ತದೆ. ರಟ್ಟು ಎಣ್ಣೆ ಹಿಡಿದು ಕಪ್ಪಗಾಗಿರುತ್ತದೆ, ಮೂಲೆಗೆ ದಾರ ಕಟ್ಟಿ ಪೆನ್ನು ಇಳಿಬಿಟ್ಟಿರುತ್ತಾರೆ. ಒಂದೊಂದು ಮನೆಗೆ ಒಂದೊಂದು ಪುಟ. ಹೆಸರೂ ಪೂರ್ತಿ ಇರುವುದಿಲ್ಲ. ಕೆರೆ ಹಿಂದಿನ ಮನೆ, ಲೈನ್‌ಮನ್, ಟೈಲರ್ ಅಕ್ಕ, ಇಷ್ಟೇ ಗುರುತು. ಅದರ ಕೆಳಗೆ ಅಕ್ಕಿ, ತೊಗರಿಬೇಳೆ, ಎಣ್ಣೆ, ಬೆಲ್ಲ. “ಬರ್ಕೊಳ್ಳಿ ಸೆಟ್ರೇ, ಕೊಬ್ರಿ ಮಾರಿದ್‌ಮೇಲೆ ಕೊಡ್ತೀನಿ” ಅಂದರೆ “ಆಯ್ತು ಗೌಡ್ರೇ, ಮೊದ್ಲು ಸಾಮಾನು ತಗೊಂಡ್ ಹೋಗಿ” ಎನ್ನುವುದಷ್ಟೇ ಮಾತುಕತೆ. ಜಾಮೀನಿಲ್ಲ, ಸಹಿಯಿಲ್ಲ, ಬಡ್ಡಿಯಿಲ್ಲ. ಸಗಟು ವ್ಯಾಪಾರಿಗೆ ತಾನು ಕಟ್ಟಬೇಕಾದ ದುಡ್ಡಿನ ಗಡುವು ತಲೆ ಮೇಲೆ ತೂಗುತ್ತಿದ್ದರೂ ಆ ಮನುಷ್ಯ ಗಿರಾಕಿಯ ಮುಖಕ್ಕೆ ಅದನ್ನು ತೋರಿಸುವುದಿಲ್ಲ. 2020ರ ಮಾರ್ಚ್‌ 25ರಂದು ದೇಶಕ್ಕೆ ಬೀಗ ಬಿದ್ದಾಗಲೂ ಎಷ್ಟೋ ಊರುಗಳಲ್ಲಿ ಅರ್ಧ ಷಟರ್ ಎತ್ತಿಕೊಂಡು ಇವರೇ ಅಕ್ಕಿ ಅಳೆದು ಕೊಟ್ಟರು, ಇದೇ ಪುಸ್ತಕದಲ್ಲಿ ಬರೆದುಕೊಂಡರು.

ಬಾಕಿಯನ್ನು ಬಹುಪಾಲು ಜನ ಚುಕ್ತಾ ಮಾಡುತ್ತಾರೆ. ಆ ವಿಷಯದಲ್ಲಿ ನಮ್ಮ ಹಳ್ಳಿಯವರು ಮರ್ಯಾದಸ್ಥರು. ಆದರೆ ಚುಕ್ತಾ ಮಾಡಿದವರೇ ಕೈಯಲ್ಲಿ ನಗದು ಓಡಾಡುವಾಗ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ಮದುವೆ ಜವಳಿ ಬೆಂಗಳೂರಿನಿಂದ ಬರುತ್ತದೆ, ಮಿಕ್ಸಿ, ಕುಕ್ಕರು ಫೋನಿನಲ್ಲಿ, ತಿಂಗಳ ದಿನಸಿ ಹೈವೇ ಪಕ್ಕದ ಮಾರ್ಟಿನಲ್ಲಿ. ಕಷ್ಟಕ್ಕೆ ಒಂದು ಅಂಗಡಿ, ಸುಖಕ್ಕೆ ಇನ್ನೊಂದು. ಇದನ್ನು ಅನ್ಯಾಯ ಎನ್ನದೆ ಬೇರೆ ಏನೆಂದು ಕರೆಯಲಿ?

ಅಗ್ಗಕ್ಕೆ ಸಿಗುವ ಕಡೆ ಜನ ಹೋಗುತ್ತಾರೆ, ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಆ ಅಗ್ಗ ಹುಟ್ಟುವುದು ಎಲ್ಲಿ ಎಂಬುದನ್ನೂ ಕೇಳಬೇಕು. ದೊಡ್ಡ ಸರಣಿ ಮಳಿಗೆ ಲಾರಿಗಟ್ಟಲೆ ಮಾಲನ್ನು ಕಂಪನಿಯಿಂದಲೇ ಎತ್ತುತ್ತದೆ. ಸಣ್ಣ ಅಂಗಡಿಗೆ ಅದೇ ಸೋಪು ವಿತರಕನ ಕೈ ದಾಟಿ ಬರುತ್ತದೆ. ಒಮ್ಮೊಮ್ಮೆ ಅಂಗಡಿಯವನಿಗೆ ಬಿದ್ದ ಅಸಲಿಗಿಂತ ಕಡಿಮೆ ಬೆಲೆಗೆ ಅದು ಆ್ಯಪಿನಲ್ಲಿ ಮಾರಾಟಕ್ಕಿರುತ್ತದೆ. ಎಷ್ಟು ದುಡಿದರೂ, ಎಷ್ಟು ಪ್ರಾಮಾಣಿಕನಾದರೂ ಈ ಲೆಕ್ಕದಲ್ಲಿ ಅವನು ಗೆಲ್ಲಲಾರ. 2016ರ ನೋಟು ರದ್ದು, 2017ರ ಜಿಎಸ್‌ಟಿ ಒಂದರ ಹಿಂದೆ ಒಂದು ಬಂದವು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ತರಕಾರಿ ಮಾರುವವರೂ ಬೆಚ್ಚಿಬಿದ್ದರು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಎಷ್ಟೋ ಮಂದಿ ಕಿತ್ತುಹಾಕಿದರು. ದೊಡ್ಡವರಿಗೆ ಲೆಕ್ಕ ನೋಡಲು ಆಡಿಟರುಗಳ ದಂಡೇ ಇರುತ್ತದೆ. ಇಲ್ಲಿ ತೂಗುವವನೂ ಅವನೇ, ಬರೆಯುವವನೂ ಅವನೇ, ಇಲಾಖೆಗೆ ಉತ್ತರ ಕೊಡಬೇಕಾದವನೂ ಅವನೇ.

ಹಳೆಯ ಪೇಟೆಯನ್ನು ಪುಣ್ಯಕ್ಷೇತ್ರ ಮಾಡಲು ನನಗೆ ಮನಸ್ಸಿಲ್ಲ. ತಕ್ಕಡಿಯಲ್ಲಿ ಮೋಸ ಇತ್ತು, ಬೇಳೆಯಲ್ಲಿ ಕಲ್ಲಿತ್ತು. ಇನ್ನೂ ಘೋರವಾದದ್ದು ಬೇರೆ ಇತ್ತು. ದಲಿತರು ಅಂಗಡಿಯ ಕಟ್ಟೆ ಹತ್ತದೆ ಕೆಳಗೇ ನಿಲ್ಲಬೇಕಿತ್ತು, ಪೊಟ್ಟಣವನ್ನು ಅವರ ಸೆರಗಿಗೆ ಮೇಲಿನಿಂದ ಹಾಕುತ್ತಿದ್ದರು, ಅವರ ಕಾಸನ್ನು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಪ್ರತಿಯೊಬ್ಬರ ಕುಲಗೋತ್ರ ಬಲ್ಲ ಅಂಗಡಿಗಿಂತ ಯಾರೆಂದು ಕೇಳದ ಮಾರ್ಟು ಮೇಲು ಎಂದು ಅಂಥ ಮನೆಯ ಹೆಣ್ಣುಮಗಳೊಬ್ಬಳು ಹೇಳಿದರೆ ನಾನು ತಲೆಬಾಗಿ ಒಪ್ಪುತ್ತೇನೆ. ತನಗೆ ಬೇಕಾದ ಅಕ್ಕಿಯನ್ನು ಕೈಯಾರೆ ಮುಟ್ಟಿ, ಆರಿಸಿ ತಳ್ಳುಗಾಡಿಗೆ ಹಾಕಿಕೊಳ್ಳುವುದು ಅವಳ ಮಟ್ಟಿಗೆ ಸಣ್ಣ ಸ್ವಾತಂತ್ರ್ಯವಲ್ಲ. ಉಳಿಯಬೇಕೆಂದು ಬಯಸುವ ಅಂಗಡಿ ಈ ಪಾಠವನ್ನು ಕಲಿತೇ ಉಳಿಯಬೇಕು.

ವ್ಯಾಪಾರಕ್ಕೂ ಒಂದು ಧರ್ಮವಿದೆ ಎಂದು ಕಲ್ಲಿನಲ್ಲಿ ಕೆತ್ತಿಸಿಕೊಂಡ ನಾಡು ನಮ್ಮದು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ತಾನು ವೀರಬಣಂಜು ಧರ್ಮದ ಪಾಲಕ ಎಂದು ಶಾಸನಗಳಲ್ಲಿ ಹೇಳಿಕೊಂಡಿತು. ಮಾರುವವನ ಧರ್ಮದ ಬಗ್ಗೆ ಅಂದಿನಿಂದ ಇಂದಿನವರೆಗೆ ಬಹಳ ಮಾತಾಡಿದ್ದೇವೆ. ತೂಕಕ್ಕೆ ಮುದ್ರೆ ಹಾಕಿಸಿದೆವು, ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚು ಹಾಕಿಸಿದೆವು, ಗ್ರಾಹಕ ನ್ಯಾಯಾಲಯ ಕಟ್ಟಿದೆವು. ಎಲ್ಲವೂ ಬೇಕಾದವೇ. ಕೊಳ್ಳುವವನಿಗೆ ಹಕ್ಕಿನ ಜೊತೆಗೆ ಋಣವೂ ಇದೆ ಎಂಬ ಮಾತನ್ನು ಮಾತ್ರ ಆಡಲೇ ಇಲ್ಲ.

ಊರಿನ ದುಡ್ಡು ಊರಲ್ಲೇ ಉಳಿಯಲು ಸಾಧ್ಯವೇ ಎಂಬ ಅನುಮಾನ ಬಂದಾಗ ಶಿರಸಿಯನ್ನು ನೋಡಿದರೆ ನನಗೆ ಧೈರ್ಯ ಬರುತ್ತದೆ. ಅಲ್ಲಿ ಅಡಿಕೆ ಬೆಳೆಗಾರರು 1923ರಲ್ಲೇ ಕಟ್ಟಿಕೊಂಡ ತೋಟಗಾರ್ಸ್ ಸೇಲ್ ಸೊಸೈಟಿ ಅಡಿಕೆ ವಿಕ್ರಿಯ ಜೊತೆಗೆ ಸೂಪರ್ ಮಾರ್ಕೆಟನ್ನೂ ನಡೆಸುತ್ತಿದೆ. ಹೊಳೆಯುವ ಬೆಳಕು, ತಳ್ಳುಗಾಡಿ, ಕಂಪ್ಯೂಟರ್ ಬಿಲ್ಲು ಅಲ್ಲೂ ಉಂಟು. ಒಡೆಯರು ಮಾತ್ರ ತೋಟಗಾರ ಸದಸ್ಯರೇ, ಲಾಭ ಉಳಿಯುವುದು ಅದೇ ಸೀಮೆಯಲ್ಲಿ. ಹೊಸ ಕಾಲದ ಅಂಗಡಿ ಊರಿನ ದುಡ್ಡನ್ನು ಊರಾಚೆ ಹೊತ್ತೊಯ್ಯಲೇಬೇಕು ಎಂಬ ಕಟ್ಟಳೆಯೇನೂ ಇಲ್ಲ. ಇಷ್ಟು ದೊಡ್ಡ ಕೊಬ್ಬರಿ ಮಾರುಕಟ್ಟೆಯ ಸುತ್ತ ಬದುಕುವ ತೆಂಗು ಬೆಳೆಗಾರರಿಗೂ, ವರ್ತಕರಿಗೂ ಇಂಥದ್ದೊಂದು ಯಾಕೆ ಸಾಧ್ಯವಾಗಬಾರದು? ಹತ್ತಾರು ದಿನಸಿ ಅಂಗಡಿಯವರು ಸೇರಿ ಒಟ್ಟಿಗೆ ಸಗಟು ಖರೀದಿ ಮಾಡಿದರೂ ಬೆಲೆಯ ಅಂತರ ಅಷ್ಟರಮಟ್ಟಿಗೆ ತಗ್ಗುತ್ತದೆ.

ಅಲ್ಲಿಯವರೆಗೆ ಅಂಗಡಿಗಳು ಜೀವ ಹಿಡಿದುಕೊಂಡಿರಬೇಕಲ್ಲ. ಅಂಗಡಿಯವರ ಮಕ್ಕಳಲ್ಲಿ ಹಲವರು ಆಗಲೇ ಬೆಂಗಳೂರು ಸೇರಿದ್ದಾರೆ, ಕೆಲವರು ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಆನ್‌ಲೈನ್ ಪಾರ್ಸೆಲ್ಲುಗಳನ್ನು ತಮ್ಮ ಬೀದಿಗೇ ತಂದು ಹಂಚುತ್ತಾರೆ. ಕೊಬ್ಬರಿ ಬೆಲೆ ಮತ್ತೆ ಬೀಳುತ್ತದೆ, ತೆಂಗು ಬೆಳೆದವರಾರಿಗೂ ಇದರಲ್ಲಿ ಅನುಮಾನವಿಲ್ಲ. ಆ ಲೆಕ್ಕದ ಪುಸ್ತಕದಲ್ಲಿ ಯಾರ ಮನೆಗೆ ಒಂದು ಪುಟ ಇತ್ತೋ ಅವರು ಈ ಸಲ ಮದುವೆ ಜವಳಿಗೆ ಬೆಂಗಳೂರಿಗೇ ಹೋಗಲಿ, ದಿನಸಿಯನ್ನೂ ಪಾತ್ರೆಯನ್ನೂ ಪೇಟೆ ಬೀದಿಯಲ್ಲಿ ನಗದು ಕೊಟ್ಟು ಕೊಳ್ಳಲಿ. ಸೋಪಿಗೆ ಮೂರು ರೂಪಾಯಿ ಹೆಚ್ಚಾದರೂ ಕೊಡಲಿ.