ಋಣದ ಉಡುಗೊರೆ ದಾನವಾದೀತೆ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದು ಮುಗಿಯುತ್ತಲೇ ನೋಂಪಿಗಳ ಉದ್ಯಾಪನೆ, ಪಾರಣೆಯ ಸಂಭ್ರಮ. ಮುಂದೆ ಆಶ್ವಯುಜ ಬಹುಳ ಅಮಾವಾಸ್ಯೆಯಂದು ವೀರನಿರ್ವಾಣದ ದೀಪಾವಳಿ. ಈ ಎರಡು ತಿಂಗಳು ಶ್ರಾವಕರ ಮನೆಗಳಲ್ಲಿ ಕೊಡುವ ಕಾಲ. ಉಪವಾಸ ಮಾಡಿದವರಿಗೆ ಬಂಧುಗಳು ಕೊಡುತ್ತಾರೆ. ಮಾಡಿದವರು ಊರಿಗೆ ಹಂಚುತ್ತಾರೆ. ಮಗಳಿಗೆ, ಅಳಿಯನಿಗೆ, ನೆರೆಯವರಿಗೆ ಹಬ್ಬದ ಉಡುಗೊರೆ ಹೋಗುತ್ತದೆ. ಈ ಪದ್ಧತಿ ಹಳೆಯದು. ಹೊಸದೆಂದರೆ, ಕೈಯಲ್ಲಿ ಇಲ್ಲದ ಹಣದಿಂದ ಕೊಡುವ ಸೌಕರ್ಯ. ಕ್ರೆಡಿಟ್ ಕಾರ್ಡು ಇದ್ದರೆ ಸಾಲಗಾರನ ಮನೆಯ ಮೆಟ್ಟಿಲು ಹತ್ತಬೇಕಾಗಿಲ್ಲ, ತಲೆ ತಗ್ಗಿಸಬೇಕಾಗಿಲ್ಲ. ಹೀಗೆ ಕೊಟ್ಟದ್ದು ದಾನವಾದೀತೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ‘ಸ್ವ’ ಎಂಬ ಪದವನ್ನು ಬಳಸಿದ್ದಾರೆ. ಬಿಟ್ಟುಕೊಡುವ ವಸ್ತು ಬಿಡುವವನದೇ ಆಗಿರಬೇಕು. ದಾನದಿಂದ ಪಡೆದವನಿಗೆ ಉಪಕಾರವಾಗುವಂತೆ ಕೊಟ್ಟವನ ಲೋಭವೂ ಕರಗಬೇಕಷ್ಟೆ. ತನ್ನದನ್ನು ಬಿಟ್ಟಾಗ ಮಾತ್ರ ಲೋಭ ಕರಗುತ್ತದೆ. ಇನ್ನೂ ತನ್ನದಾಗದ ಹಣವನ್ನು ಬಿಡುವಾಗ ಅವನು ಯಾವುದನ್ನು ತ್ಯಜಿಸಿದಂತಾಯಿತು? ಮುಂದಿನ ವರ್ಷದ ಸಂಬಳವನ್ನು, ಅಂದರೆ ಮಕ್ಕಳ ಶಾಲೆಯ ಶುಲ್ಕವನ್ನು, ವೃದ್ಧ ತಾಯಿಯ ಔಷಧವನ್ನು ಅವರನ್ನು ಕೇಳದೆಯೇ ಎತ್ತಿ ಕೊಟ್ಟಂತಾಯಿತು. ಹೆಸರು ತನಗೆ, ತ್ಯಾಗ ಅವರದು.

ಕಾರ್ಡಿನ ಬಳಕೆಯೇ ದೋಷವೆಂದು ಹೇಳಲಾಗದು. ಕೊಂಡ ದಿನಕ್ಕನುಸಾರವಾಗಿ ಸುಮಾರು 20ರಿಂದ 50 ದಿನಗಳ ಬಡ್ಡಿಯಿಲ್ಲದ ಅವಧಿ ಇರುತ್ತದೆ. ಹಣ ಮೊದಲೇ ಕೂಡಿಟ್ಟಿದ್ದು, ಅವಧಿಯೊಳಗೆ ಪೂರ್ಣ ತೀರಿಸುವವನಿಗೆ ಅದು ಕೇವಲ ಹಣದ ಚೀಲ. ತೊಡಕು ಇರುವುದು ‘ಕನಿಷ್ಠ ಬಾಕಿ’ ಎಂಬ ಎರಡು ಪದಗಳಲ್ಲಿ. ಬಾಕಿಯ ನೂರಕ್ಕೆ 5ರಷ್ಟನ್ನು ಕಟ್ಟಿದರೆ ಸಾಕೆಂಬ ಸಮಾಧಾನ ಅದರಲ್ಲಿದೆ. ಆದರೆ ಪೂರ್ಣ ಕಟ್ಟದವನಿಗೆ ಬಡ್ಡಿಯಿಲ್ಲದ ಅವಧಿ ಇಲ್ಲವಾಗುತ್ತದೆ. ಹೊಸದಾಗಿ ಕೊಂಡ ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ ಏರುತ್ತದೆ. 20,000 ರೂಪಾಯಿ ಬಾಕಿಗೆ ತಿಂಗಳಿಗೆ ನೂರಕ್ಕೆ 3.5ರ ಬಡ್ಡಿಯೆಂದು ಇಟ್ಟುಕೊಳ್ಳೋಣ. ನೂರಕ್ಕೆ 5ರಂತೆ ವರ್ಷವಿಡೀ ಕಟ್ಟುತ್ತ ಬಂದವನು ಸುಮಾರು 11,300 ರೂಪಾಯಿ ಕೊಟ್ಟಿರುತ್ತಾನೆ. ಅಸಲಿನಲ್ಲಿ ಇಳಿದದ್ದು ಸುಮಾರು 3,700 ಮಾತ್ರ. ಬಡ್ಡಿಯ ಮೇಲಿನ ತೆರಿಗೆ ಬೇರೆ. ಹಬ್ಬ ಮರಳಿ ಬಂದಾಗ ಹಳೆಯ ಹಬ್ಬದ ಸಾಲ ಇನ್ನೂ ಬಾಗಿಲಲ್ಲಿ ಕುಳಿತಿರುತ್ತದೆ. ಇಂತಹ ಬಾಕಿಗೆ ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಸಲ್ಲದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ರದ್ದುಗೊಳಿಸಿತು. ಆದ್ದರಿಂದ ಕಾನೂನಿನ ಮಿತಿಯನ್ನು ನಂಬಿ ಕೂರುವಂತಿಲ್ಲ. ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ಹಣಕ್ಕಿಂತ ದೊಡ್ಡ ಹಾನಿಯೂ ಇದೆ. ನಾನು ಬಲ್ಲ ಒಂದು ಮನೆಯಲ್ಲಿ ಮಗಳು ದಶಲಕ್ಷಣದ ಹತ್ತು ದಿನವೂ ನಿರಾಹಾರ ಉಪವಾಸ ಮಾಡಿದಳು. ತಂದೆ ಸಂತೋಷದ ಭರದಲ್ಲಿ ಬಂಧುಗಳಿಗೆಲ್ಲ ಬೆಳ್ಳಿಯ ಬಟ್ಟಲು ಹಂಚಿದರು; ಎಲ್ಲವೂ ಕಾರ್ಡಿನ ಮೇಲೆ. ಮರುವರ್ಷ ತಾಯಿ, “ಈ ಸಲವೂ ಉಪವಾಸ ಹಿಡಿಯುವೆಯಾ ಮಗಳೆ?” ಎಂದು ಕೇಳಿದಾಗ ಆ ಹುಡುಗಿ, “ಬೇಡಮ್ಮ, ಅಪ್ಪನಿಗೆ ಭಾರವಾಗುತ್ತದೆ” ಎಂದಳಂತೆ. ಹತ್ತು ದಿನ ಹಸಿವನ್ನು ಗೆದ್ದ ಜೀವ ಬಟ್ಟಲುಗಳ ಲೆಕ್ಕಕ್ಕೆ ಸೋತಿತು. ನಮ್ಮ ಕೊಡುಗೆಗಳು ತಪಸ್ಸಿನ ದಾರಿಗೇ ಅಡ್ಡ ನಿಲ್ಲುವುದಾದರೆ, ಉಪವಾಸವು ಉಳ್ಳವರ ಸೊತ್ತಾಗುವುದಾದರೆ, ಅದನ್ನು ಧರ್ಮಪ್ರಭಾವನೆ ಎನ್ನಬಹುದೆ?

ಪೂರ್ವಿಕರು ಈ ಸಂಕಟವನ್ನು ಮೊದಲೇ ಕಂಡಿದ್ದರು. ಉದ್ಯಾಪನೆ ಮಾಡುವ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂಬುದು ನಮ್ಮ ವ್ರತವಿಧಾನದ ಕಟ್ಟಳೆ. ಸಾಲ ಮಾಡಿಯಾದರೂ ಉದ್ಯಾಪನೆ ಮಾಡೆಂದು ಅವರು ಹೇಳಲಿಲ್ಲ. ಧನದ ಕೊರತೆಯನ್ನು ತಪಸ್ಸಿನಿಂದ ತುಂಬಬಹುದು. ತಪಸ್ಸಿನ ಕೊರತೆಯನ್ನು ಧನದಿಂದ ತುಂಬಲಾಗದು. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ತ್ಯಾಗಕ್ಕೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು.

“ಕೊಡದಿದ್ದರೆ ನೆಂಟರು ಏನೆಂದಾರು?” ಎಂಬುದು ಲೋಕದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಎಣಿಸುವಾಗ ಲೋಭದ ಜೊತೆಗೆ ‘ವಿಸ್ಮಯ’ವನ್ನೂ ಸೇರಿಸಿರುವುದು ಗಮನಾರ್ಹ. ಅನ್ಯರ ವೈಭವಕ್ಕೆ ಬೆರಗಾಗುವುದೂ ವ್ರತಕ್ಕೆ ಕಳಂಕವೇ. ಅವರ ಬಟ್ಟಲಿಗಿಂತ ನಮ್ಮದು ತೂಕವಾಗಿರಲೆಂಬ ಹಟ ಹುಟ್ಟುವುದು ಆ ಬೆರಗಿನಿಂದಲೇ. ಬೇಡಿಕೆಗೆ ಹೆದರಿ ಕೊಟ್ಟದ್ದು ಕಂದಾಯ, ಹೋಲಿಕೆಗೆ ಕೊಟ್ಟದ್ದು ಮಾನಕಷಾಯ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಿರಿಯಿದ್ದವಳು ಸಿರಿಗೆ ತಕ್ಕಂತೆ ಕೊಟ್ಟಳು. ಸಿರಿಯಿಲ್ಲದವನು ಒಂದೇ ಶಾಸ್ತ್ರಗ್ರಂಥ ಕೊಟ್ಟರೂ, ಒಬ್ಬ ತ್ಯಾಗಿಗೆ ಭಕ್ತಿಯಿಂದ ಆಹಾರವಿತ್ತರೂ ಕಡಿಮೆಯೇನೂ ಆಗದು.

ಆಚಾರ್ಯರು ಆಜೀವನದ ವ್ರತವನ್ನು ಯಮವೆಂದೂ, ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಭಾದ್ರಪದದಿಂದ ದೀಪಾವಳಿಯವರೆಗೆ ಇಂತಹ ಒಂದು ನಿಯಮವನ್ನು ಪ್ರತಿ ಗೃಹಸ್ಥನೂ ಹಿಡಿಯಬಹುದು. ಪರ್ವದ ಮೊದಲ ದಿನ ಮನೆಯವರೆಲ್ಲ ಕುಳಿತು, ಯಾರಿಗೆ ಏನು ಕೊಡಬೇಕೆಂದು ಬರೆಯಲಿ. ಕೂಡಿಟ್ಟ ಹಣಕ್ಕೆ ಮೊತ್ತವನ್ನು ಸರಿಹೊಂದಿಸಲಿ. ಆ ರೇಖೆಯನ್ನು ದಾಟೆವೆಂದು ಜಿನಬಿಂಬದ ಮುಂದೆ ಸಂಕಲ್ಪಿಸಲಿ. ವರ್ಷವಿಡೀ ಕಾರ್ಡಿಗೆ ಕಟ್ಟುವ ಆ 11,300 ರೂಪಾಯಿಯನ್ನೇ ತಿಂಗಳಿಗೆ 950ರಂತೆ ಮುಂಚಿತವಾಗಿ ಕೂಡಿಟ್ಟರೆ ಋಣವಿಲ್ಲದ ಹಬ್ಬ ಸಾಧ್ಯ. ಈಗಾಗಲೇ ಸಾಲದಲ್ಲಿರುವವರು ಮನೆಯವರಿಂದ ಅದನ್ನು ಮರೆಮಾಚದಿರಲಿ. ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು, ಕನಿಷ್ಠ ಬಾಕಿಗಿಂತ ಹೆಚ್ಚು ಕಟ್ಟುತ್ತ ಬರಲಿ. ಅವರಿಗೆ ಆ ವರ್ಷದ ಉದ್ಯಾಪನೆ ಅದೇ.

ಸಮಾಜದ ಹಿರಿಯರಿಗೂ ಒಂದು ಕರ್ತವ್ಯವಿದೆ. ಉಳ್ಳವರು ಮೊದಲು ಕೈ ಹಿಡಿದು ಸರಳವಾಗಿ ಕೊಟ್ಟರೆ ಇಲ್ಲದವರು ನಾಚಬೇಕಾಗಿಲ್ಲ. ಮಹಾವೀರ ಸ್ವಾಮಿಯು ಪಾವಾಪುರಿಯಲ್ಲಿ ಕಡೆಯ ಬಂಧವನ್ನೂ ಕಳಚಿದ ದಿನದಂದು ನಾವು ಹೊಸ ಬಂಧವೊಂದನ್ನು ಕಟ್ಟಿಕೊಳ್ಳುವುದು ಉಚಿತವೆ? ಧರ್ಮಬಂಧುಗಳು ವಿಚಾರಿಸಬೇಕು.